ವೈದ್ಯರಿಗೆ ಕೈಗುಣ, ನನಗೆ ಕಾಲ್ಗುಣ

ಎಲ್ಲರ ಬದುಕಿಗೂ ಎಡವಟ್ಟುಗಳು ಆಗೀಗ ಬಂದು ಮುಖ ತೋರಿಸಿ ಹೋಗುತ್ತವೆ. ನನ್ನ ಬದುಕಿಗೆ ಮಾತ್ರ ಅವು ನೆಂಟರಿಷ್ಟರನ್ನೂ ಕರೆದುಕೊಂಡು ಬಂದು, ಉಂಡು, ವೀಳ್ಯ ಮೆದ್ದು, ನಾಳೆ ಮತ್ತೆ ಬರುತ್ತೇವೆ ಎಂದು ಹೇಳಿಯೇ ಹೋಗುತ್ತಿದ್ದವು.

ಇದರ ಮೂಲ ನಾನು ಹುಟ್ಟಿದ ರೀತಿಯಲ್ಲೇ ಇದೆ. ಎಲ್ಲರೂ ತಲೆ ಮುಂದಾಗಿ ಭೂಮಿಗೆ ಬಂದರೆ ನಾನು ಕಾಲು ಮುಂದಾಗಿ ಬಂದೆ. ತಮಿಳು ಸೀಮೆಯ ನಮ್ಮ ಕಂಬಂ ಕಣಿವೆಯಲ್ಲಿ ಹಾಗೆ ಹುಟ್ಟಿದವನಿಗೆ ಬೇರೆ ಕಸುಬು ಹುಡುಕುವ ಕಷ್ಟವಿಲ್ಲ. ಯಾರಿಗೆ ಸೊಂಟ ಹಿಡಿದರೂ, ಬೆನ್ನು ಉಳುಕಿದರೂ, ಅಂಥವನು ಎಣ್ಣೆ ಸವರಿ ಹಿಮ್ಮಡಿಯಿಂದ ತುಳಿದರೆ ನೋವು ಬಿಟ್ಟು ಓಡುತ್ತದೆ ಎಂದು ಜನರ ನಂಬಿಕೆ. ಮಿಕ್ಕ ಮಕ್ಕಳು ಅಂಗಳದಲ್ಲಿ ನಡೆಯಲು ಕಲಿತರೆ ನಾನು ಕಲಿತದ್ದು ಊರವರ ಬೆನ್ನಿನ ಮೇಲೆ.

ಬರೀ ತುಳಿದರೆ ಸಾಲದು ಎಂದು ನನ್ನನ್ನು ತಿದ್ದಿದವಳು ಅಜ್ಜಿ. ಅವಳು ಮೂಳೆ ಕೂರಿಸುವವಳು. ಕೀಲು ಎಲ್ಲಿ ತಪ್ಪುತ್ತದೆ, ಎಕ್ಕದೆಲೆಯನ್ನು ಎಷ್ಟು ಬಿಸಿ ಮಾಡಿ ಮಂಡಿಗೆ ಕಟ್ಟಬೇಕು, ಹರಳೆಣ್ಣೆ ಯಾರಿಗೆ ಮೈಮೇಲೆ, ಯಾರಿಗೆ ಹೊಟ್ಟೆಯೊಳಗೆ, ಎಲ್ಲವನ್ನೂ ಕಲಿಸಿದಳು. ಕಲಿಸಿದ್ದು ಕನ್ನಡದಲ್ಲಿ. ತೊಡಕಾದದ್ದು ಅಲ್ಲೇ. ನಾವು ಈ ಕಣಿವೆಗೆ ಬಂದು ನೆಲೆಸಿ ಎಷ್ಟು ತಲೆಮಾರಾಯಿತೋ ಹೇಳುವವರಿಲ್ಲ; ಮನೆಯೊಳಗೆ ಕನ್ನಡ, ಹೊಸಿಲು ದಾಟಿದರೆ ತಮಿಳು. ನನ್ನ ತಮಿಳನ್ನು ಯಾರೂ ಹಳಿಯುವಂತಿಲ್ಲ, ಸಂತೆಯಲ್ಲಿ ತಮಿಳಿನಲ್ಲಿ ಜಗಳವಾಡಿ ಗೆದ್ದವನು ನಾನು! ಆದರೆ ಕೈ ರೋಗಿಯ ಮೈಗೆ ತಾಗಿದ ಕೂಡಲೇ ಬಾಯಲ್ಲಿ ಅಜ್ಜಿಯ ಮಾತು ಬಂದು ಕೂರುತ್ತಿತ್ತು.

ಆಗ ಮೇಲೆ ಬೆಟ್ಟದಲ್ಲಿ ಪೆರಿಯಾರ್ ಹೊಳೆಗೆ ಅಣೆ ಕಟ್ಟುತ್ತಿದ್ದರು. ಕಲ್ಲು ಹೊತ್ತು ಸೊಂಟ ಹಿಡಿಸಿಕೊಂಡವರೆಲ್ಲ ಕಣಿವೆಗೆ ಇಳಿದು ನನ್ನ ಕಾಲಡಿಗೆ ಬರುತ್ತಿದ್ದರು. ಕೆಲಸಕ್ಕೆ ಬರವಿರಲಿಲ್ಲ. ಬರವಿದ್ದದ್ದು ಹೆಣ್ಣಿಗೆ. ನನ್ನ ಓರಗೆಯವರಿಗೆಲ್ಲ ಮದುವೆಯಾಗಿ ಮಕ್ಕಳಾಗಿದ್ದವು, ನನಗೆ ಮಾತ್ರ ಯಾರೂ ಹೆಣ್ಣು ಕೊಡುತ್ತಿರಲಿಲ್ಲ. "ಬೆಳಗಿಂದ ಸಂಜೆಗಂಟ ಊರೋರನ್ನ ಒದೆಯೋದೇ ಇವನ ಕಸುಬು. ಮನೆಗೆ ಬಂದೂ ಅದೇ ಕಸುಬು ಮಾಡಿದ್ರೆ ನಮ್ಮ ಮಗಳ ಗತಿ ಏನು?" ಎನ್ನುತ್ತಿದ್ದರು. ನಾನು ತುಳಿಯುವವನೇ ಹೊರತು ಒದೆಯುವವನಲ್ಲ. ಆದರೆ ಈ ವ್ಯತ್ಯಾಸವನ್ನು ಮನೆಮನೆಗೆ ಹೋಗಿ ಬಿಡಿಸಿ ಹೇಳುವುದು ಹೇಗೆ? ಅವ್ವ ಬೆಳಿಗ್ಗೆ ಎದ್ದರೆ ಅದೇ ಕೊರಗು, ಉಣ್ಣಲು ಕೂತರೆ ಅದೇ ಕೊರಗು. ಸುಳ್ಳೇಕೆ ಹೇಳಲಿ, ಮದುವೆ ನನಗೂ ಬೇಕಾಗಿತ್ತು. ತುಂಬಾ ಬೇಕಾಗಿತ್ತು!

ಯಜಮಾನರ ಮೂಳೆ

ಚಿನ್ನಮನೂರಿನ ಕಡೆ ನಮ್ಮವರದೇ ಒಂದು ಮನೆಯಲ್ಲಿ ಹೆಣ್ಣಿದೆ ಎಂದು ಸುದ್ದಿ ಬಂತು. ಅವರು ಗದ್ದೆ ಮಾಡುತ್ತಿದ್ದದ್ದು ಅಲ್ಲಿಯ ಒಬ್ಬ ದೊಡ್ಡ ತಮಿಳು ಜಮೀನುದಾರರಲ್ಲಿ. ಆ ಯಜಮಾನರು ಹೂಂ ಎಂದರೆ ಹೆಣ್ಣಿನ ಮನೆಯವರು ಎರಡು ಮಾತಾಡುವವರಲ್ಲ. ಅದೇ ಯಜಮಾನರು ಗಾಡಿಯಿಂದ ಇಳಿಯುವಾಗ ಜಾರಿ ಬಿದ್ದು ಸೊಂಟ ಹಿಡಿಸಿಕೊಂಡರು ಎಂದು ನನಗೆ ಕರೆ ಬರಬೇಕೇ! ಅವ್ವನಿಗೆ ದೇವರೇ ಅವರನ್ನು ತಳ್ಳಿ ಬೀಳಿಸಿದಷ್ಟು ಸಂತೋಷ.

ಹೋದೆ. ಜಗುಲಿಯ ಮೇಲೆ ಯಜಮಾನರು ಬೋರಲು ಮಲಗಿದ್ದಾರೆ. ಸುತ್ತ ಕಾರುಬಾರಿಗಳು, ಒಕ್ಕಲುಗಳು, ಕಂಬದ ಮರೆಯಲ್ಲಿ ಅವರ ಹೆಂಡತಿ. ನಾನು ಸೊಂಟಕ್ಕೆ ಎಣ್ಣೆ ಸವರಿ ಬೆರಳಾಡಿಸಿದೆ. ಸೊಂಟದ ಮೂಳೆ ಒಂದು ಚೂರು ಸರಿದಂತಿತ್ತು. ಗಂಭೀರವಾಗಿ, ಎಲ್ಲರಿಗೂ ಕೇಳುವಂತೆ, ತಮಿಳಿನಲ್ಲೇ ಹೇಳಿದೆ: "ಅಯ್ಯಾ, ಉಂಗ ಮೂಳೆ ಎಡಂ ಮಾರಿಡುಚ್ಚು." ನಿಮ್ಮ ಮೂಳೆ ಜಾಗ ಬಿಟ್ಟಿದೆ ಎಂದು.

ಎಲ್ಲ ತಮಿಳೇ, ಮೂಳೆಯೊಂದು ಮಾತ್ರ ಅಜ್ಜಿಯದು. ತಮಿಳಿನವರಿಗೆ ಮೂಳೆ ಎಂದರೆ ಎಲುಬಲ್ಲ, ಮಿದುಳು!

ಯಜಮಾನರು ಮಲಗಿದಲ್ಲೇ ಕತ್ತೆತ್ತಿ, "ಏನಂದೆ?" ಎಂದರು. ನಾನು ಅವರಿಗೆ ಕಿವಿ ಮಂದವೆಂದು ಭಾವಿಸಿ ಇನ್ನೂ ಗಟ್ಟಿಯಾಗಿ ಹೇಳಿದೆ. "ಭಯಪಡಬೇಡಿ ಅಯ್ಯಾ, ನಿಮ್ಮ ವಯಸ್ಸಿನವರಿಗೆ ಮೂಳೆ ಹೀಗೆ ಜರುಗೋದು ಇದ್ದದ್ದೇ. ಹಿಮ್ಮಡಿಯಲ್ಲಿ ಒಂದು ಸಲ ಅದುಮಿದರೆ ತಾನೇ ಬಂದು ಕೂರುತ್ತೆ."

ಕಾರುಬಾರಿಗಳು ಹೆಗಲ ವಸ್ತ್ರವನ್ನು ಬಾಯಿಗೆ ತುರುಕಿಕೊಂಡರು. ಯಜಮಾನರ ಮುಖ ಕೆಂಪೇರಿತು. ಅವರು ಬೈಯಲು ಬಾಯಿ ತೆರೆಯುವಷ್ಟರಲ್ಲಿ ನಾನು ಅದುಮಿಯೇಬಿಟ್ಟೆ. ಲೊಟ್ಟೆಂದಿತು, ಸೊಂಟ ಸರಿಹೋಯಿತು. ಎದ್ದು ನಿಂತವರೇ ನನ್ನನ್ನು ಬಾಗಿಲು ತೋರಿಸಿ ಕಳಿಸಿದರು. ಹೆಣ್ಣಿನ ಮನೆಯವರಿಗೆ ಅವರು ಏನು ಹೇಳಿದರೋ, ಆ ಮನೆಯ ಸುದ್ದಿ ಅಲ್ಲಿಗೇ ನಿಂತಿತು.

ನಾನು ತಲೆ ತಗ್ಗಿಸಿ ಬೀದಿಗಿಳಿಯುತ್ತಿದ್ದಾಗ ಅವರ ಹೆಂಡತಿ ಹಿತ್ತಿಲ ಬಾಗಿಲಿಂದ ಸರಸರ ಬಂದು, ಅತ್ತಿತ್ತ ನೋಡಿ, ಮೆಲ್ಲಗೆ ಕೇಳಿದರು: "ತಂಬೀ, ಸೊಂಟವೇನೋ ಸರಿಹೋಯ್ತು. ಮೂಳೆಗೆ ಯಾವಾಗ ಬರ್ತೀಯ?"

ಆಂಡಿಪಟ್ಟಿಯಲ್ಲಿ ಕತ್ತು

ಅಲ್ಲಿಂದಾಚೆ ಮೂಳೆ ಎನ್ನುವ ಮಾತಿಗೆ ಬಾಯಿಂದಲೇ ಬಹಿಷ್ಕಾರ ಹಾಕಿದೆ. ಇನ್ನು ಯಾವ ಮಾತು ನನಗೇನು ಮಾಡೀತು ಎಂದು ಎದೆಯುಬ್ಬಿಸಿ ಆಂಡಿಪಟ್ಟಿ ಸಂತೆಗೆ ಹೋದೆ. ಅಲ್ಲಿ ಒಬ್ಬ ಕುರಿ ವ್ಯಾಪಾರಿಗೆ ಕತ್ತು ಹಿಡಿದುಕೊಂಡು ಎಡಕ್ಕೇ ನಿಂತುಬಿಟ್ಟಿತ್ತು. ಬಲಗಡೆ ನಿಂತ ಗಿರಾಕಿಯ ಜೊತೆ ಮಾತಾಡಬೇಕಾದರೆ ಇಡೀ ಮನುಷ್ಯನೇ ಗಿರಕಿ ಹೊಡೆಯಬೇಕಿತ್ತು. ಅಷ್ಟರಲ್ಲಿ ಎಡಗಡೆಯ ಕುರಿ ತಪ್ಪಿಸಿಕೊಳ್ಳುತ್ತಿತ್ತು.

ಅವನನ್ನು ಹುಣಸೆಮರದಡಿ ಕೂರಿಸಿ, ಹಿಂದೆ ನಿಂತು, ಗದ್ದಕ್ಕೊಂದು ಕೈ, ತಲೆಗೊಂದು ಕೈ ಕೊಟ್ಟೆ. ಅಜ್ಜಿ ಈ ಕೆಲಸ ಮಾಡುವಾಗ ಯಾವ ಅಂಗವೋ ಅದರ ಹೆಸರನ್ನು ಜಪದ ಹಾಗೆ ಹೇಳುತ್ತಿದ್ದಳು, ಮನಸ್ಸು ಅಲ್ಲೇ ನಿಲ್ಲಲಿ ಎಂದು. ನಾನೂ ಹೇಳಿದೆ: "ಕತ್ತು... ಕತ್ತು..."

ತಮಿಳಿನಲ್ಲಿ ಕತ್ತು ಎಂದರೆ ಕಿರುಚು ಎಂದು.

ಆತ ಒಳ್ಳೆಯ ರೋಗಿ. ವೈದ್ಯ ಹೇಳಿದ್ದನ್ನು ಮೀರುವವನಲ್ಲ. "ಅಯ್ಯೋ!" ಎಂದು ಸಣ್ಣದಾಗಿ ಕಿರುಚಿದ. ನೋವಾಯಿತೇನೋ ಎಂದು ನಾನು ಹಿಡಿತ ಸಡಿಲಿಸಿ, ಸಮಾಧಾನವಾಗಿ, "ಕತ್ತು, ಕತ್ತು" ಎಂದೆ. ಆತ ಉಸಿರೆಳೆದುಕೊಂಡು ಸಂತೆಯ ಆ ತುದಿಗೆ ಮುಟ್ಟುವಂತೆ ಕಿರುಚಿದ. ಕುರಿಗಳು ದಿಕ್ಕಾಪಾಲಾದವು. ಜನ ಓಡಿ ಬಂದರು. ಊರ ತಳವಾರ ಕೋಲು ಹಿಡಿದು ಬಂದ. ನೋಡಿದರೆ ಒಬ್ಬ ಬಡಪಾಯಿ ಕೊರಳು ಹರಿಯುವಂತೆ ಕೂಗುತ್ತಿದ್ದಾನೆ, ಹಿಂದೆ ನಾನು ಅವನ ತಲೆಯನ್ನು ಎರಡು ಕೈಯಲ್ಲಿ ಹಿಡಿದು ತಿರುಚುತ್ತಾ, "ಕಿರುಚು, ಇನ್ನೂ ಕಿರುಚು" ಎನ್ನುತ್ತಿದ್ದೇನೆ!

"ಬಿಡಲೇ ಅವನನ್ನ!" ಎಂದು ತಳವಾರ ಬಲಗಡೆಯಿಂದ ಗುಡುಗಿದ. ಯಾರಪ್ಪಾ ಇದು ಎಂದು ವ್ಯಾಪಾರಿ ಸರಕ್ಕನೆ ಬಲಕ್ಕೆ ತಿರುಗಿದ. ತಿರುಗಿದ್ದು ತಿರುಗಿದ್ದೇ, ಕತ್ತು ಸಲೀಸಾಯಿತು! ಆತ ಸಂತೋಷಕ್ಕೆ ಎಡಕ್ಕೂ ಬಲಕ್ಕೂ ತಲೆಯಾಡಿಸಿ ಆಡಿಸಿ ತೋರಿಸಿದ. ಜನ ಹೋ ಎಂದರು. ನಾನು ಹಿಗ್ಗಿ ಹೀರೇಕಾಯಿಯಾದೆ.

ಆ ಗುಂಪಿನಲ್ಲಿ ನಮ್ಮವರೇ ಒಬ್ಬ ಹಿರಿಯರು ಇದ್ದರಂತೆ. ತಂಗಿಯ ಮಗಳಿಗೆ ಗಂಡು ನೋಡಲು ಬಂದು, ನನ್ನನ್ನು ದೂರದಿಂದ ನೋಡಿಕೊಂಡು ಹೋಗೋಣವೆಂದು ನಿಂತಿದ್ದರಂತೆ. ನೋಡಿಕೊಂಡು ಹೋದರು. ಮತ್ತೆ ಬರಲಿಲ್ಲ. ಅವ್ವ ಎರಡು ಹೊತ್ತು ಊಟ ಬಿಟ್ಟಳು.

ಮುಂದಿನ ಸಂತೆಗೆ ಹೋದರೆ ಮರದಡಿ ದೊಡ್ಡ ಗುಂಪೇ ಕಾದಿತ್ತು. ಮುಂದೆ ಕೂತಿದ್ದ ಮುದುಕಿ ಸೆರಗು ಬಿಗಿದುಕೊಂಡು ಕೇಳಿದಳು: "ಅಪ್ಪಾ, ನಂದು ಮಂಡಿ ನೋವು. ಅದಕ್ಕೂ ಕಿರುಚಬೇಕಾ, ಇಲ್ಲ ಸುಮ್ನೆ ಅತ್ತರೆ ಸಾಕಾ?"

ಅರೆದು ಹಚ್ಚುವ ಮದ್ದು

ಇದು ಚಿಕ್ಕದು. ಉತ್ತಮಪಾಳಯದಲ್ಲಿ ಒಬ್ಬ ತಮಿಳು ಸೊಸೆ ಬಂದು, ಅತ್ತೆಗೆ ವಿಪರೀತ ತಲೆನೋವು, ಏನಾದರೂ ಮದ್ದು ಹೇಳಿ ಎಂದಳು. ಒಣಶುಂಠಿ ಅರೆದು ಹಣೆಗೆ ಹಚ್ಚುವುದು ಮಗುವಿಗೂ ಗೊತ್ತಿರುವ ಮದ್ದು. ನಾನು ಏನೋ ಅವಸರದಲ್ಲಿದ್ದವನು, ಶುಂಠಿಯ ಹೆಸರೆತ್ತುವುದನ್ನು ಮರೆತು, "ನೆತ್ತಿಲಿ ನಲ್ಲಾ ಅರೈ" ಎಂದುಬಿಟ್ಟೆ. ತಮಿಳರ ನೆತ್ತಿ ಎಂದರೆ ಹಣೆ; ಹಣೆಗೆ ಚೆನ್ನಾಗಿ ಅರೆದು ಹಾಕು ಎಂದು ನನ್ನ ಲೆಕ್ಕ. ಆದರೆ ತಮಿಳಿನಲ್ಲಿ ಅರೈ ಎಂದರೆ ಅರೆಯುವುದೂ ಹೌದು, ಬಾರಿಸುವುದೂ ಹೌದು.

ಆ ಹೆಣ್ಣುಮಗಳ ಮುಖ ಸೂರ್ಯಕಾಂತಿಯ ಹಾಗೆ ಅರಳಿತು. ನನಗೆ ಕೈಮುಗಿದು, ಕಣ್ಣಲ್ಲಿ ನೀರು ತಂದುಕೊಂಡು ಕೇಳಿದಳು: "ಊಟಕ್ಕೆ ಮುಂಚೆಯಾ ಅಣ್ಣಾ, ಆಮೇಲಾ?"

ದಿಂಡಿಗಲ್ಲಿನ ಸ್ಟೇಷನ್ ಮಾಸ್ತರರು

ಕಣಿವೆಯೊಳಗೆ ನನ್ನ ಹೆಸರು ಹೀಗೆ ಹಬ್ಬಿದ ಮೇಲೆ ಅವ್ವ ಬೇರೆ ಹಾದಿ ಹಿಡಿದಳು. ಹೊಗೆಸೊಪ್ಪಿನ ವ್ಯಾಪಾರಕ್ಕೆಂದು ತಿರುಚಿಯ ಕಡೆ ಹೋಗಿ ನೆಲೆಸಿದ್ದ ನಮ್ಮವರೊಬ್ಬರಿಗೆ ಮಗಳಿದ್ದಳು. ನನ್ನ ಸುದ್ದಿ ಅಷ್ಟು ದೂರ ಹೋಗಿರಲಾರದು ಎಂದು ಅವ್ವನ ಲೆಕ್ಕ. ಅವರು ರೈಲಿನಲ್ಲಿ ದಿಂಡಿಗಲ್ಲಿಗೆ ಬಂದಿಳಿಯುತ್ತಾರೆ, ನಾನು ಹೋಗಿ ಎದುರುಗೊಂಡು ಗಾಡಿಯಲ್ಲಿ ಊರಿಗೆ ಕರೆತರಬೇಕು. "ಸುಮ್ನೆ ನಿಂತ್ಕೋ. ಯಾರನ್ನೂ ಮುಟ್ಟಬೇಡ. ಯಾರಾದ್ರೂ ಕುಂಟಿದ್ರೆ ಆ ಕಡೆ ನೋಡ್ಲೇಬೇಡ" ಎಂದು ಅವ್ವ ನನ್ನ ಗದ್ದ ಹಿಡಿದು ಹೇಳಿದಳು.

ಸ್ಟೇಷನ್ನಿನಲ್ಲಿ ಸುಮ್ಮನೇ ನಿಂತಿದ್ದೆ. ಆಗ ಸ್ಟೇಷನ್ ಮಾಸ್ತರರು ಕೆಳಗೆ ಬಿದ್ದ ಬಾವುಟ ಎತ್ತಲು ಬಗ್ಗಿದರು. ಬಗ್ಗಿದವರು ಏಳಲಿಲ್ಲ. ಸೊಂಟ ಹಿಡಿದು ಅರ್ಧಕ್ಕೇ ನಿಂತರು. ಹಾದುಹೋಗುವವರು, ಇಷ್ಟು ದೊಡ್ಡ ಉದ್ಯೋಗದಲ್ಲಿದ್ದೂ ಎಂಥ ವಿನಯ ಎಂದು ಅವರಿಗೆ ಕೈಮುಗಿದುಕೊಂಡು ಹೋಗುತ್ತಿದ್ದರು. ಅವರ ಕಣ್ಣಲ್ಲಿ ನೀರು. "ಗಾಡಿ ಬರೋ ಹೊತ್ತಾಯ್ತು, ಅದರೊಳಗೆ ಬಿಳಿ ದೊರೆ ಇರ್ತಾರೆ, ನನ್ನನ್ನ ಈ ಗತಿಯಲ್ಲಿ ನೋಡಿದ್ರೆ ಕೆಲಸ ಹೋಯ್ತು" ಎಂದು ನೆಲದ ಕಡೆ ನೋಡುತ್ತಾ ಹೇಳಿದರು.

ನನ್ನ ಕಾಲು ತುರಿಸಿತು. ಅವ್ವನ ಮಾತು ನೆನಪಿತ್ತು, ನಿಜ. ಆದರೆ ಕಣ್ಣೆದುರಿಗೆ ಅಷ್ಟು ಚೆಂದದ ಉಳುಕು ಇರುವಾಗ ತಡೆದುಕೊಳ್ಳುವುದು ಹೇಗೆ? ಅವರನ್ನು ಅಲ್ಲೇ ಹೊಗೆಸೊಪ್ಪಿನ ಮೂಟೆಗಳ ಮೇಲೆ ಬೋರಲು ಮಲಗಿಸಿದೆ. ಅಲ್ಲಿದ್ದ ಕೂಲಿಯವನ ಹೆಗಲು ಹಿಡಿದು ಮೇಲೆ ಹತ್ತಿದೆ. ಹದ ನೋಡಿ ತುಳಿಯುವಷ್ಟರಲ್ಲಿ ಗಾಡಿ ಬಂದೇಬಿಟ್ಟಿತು! ಹೊಗೆ, ಶಿಳ್ಳೆ, ಗದ್ದಲ. ಹೆಣ್ಣಿನ ತಂದೆ ಪೇಟ ಸರಿಮಾಡಿಕೊಂಡು ಇಳಿದರು, ಎದುರಿಗೆ ಭಾವೀ ಅಳಿಯ ಸರ್ಕಾರದ ಸ್ಟೇಷನ್ ಮಾಸ್ತರರ ಬೆನ್ನಿನ ಮೇಲೆ ನಿಂತು ಕೈ ಬೀಸುತ್ತಿರುವುದನ್ನು ನೋಡಿದರು, ಅದೇ ಗಾಡಿಗೆ ಮತ್ತೆ ಹತ್ತಿ ಕೂತರು. ಅದು ಮದುರೆಗೆ ಹೋಗುವ ಗಾಡಿ, ಅವರ ಊರು ಹಿಂದೆ, ತಿರುಚಿಯ ಕಡೆ. ಅದನ್ನೂ ಅವರು ಲೆಕ್ಕಿಸಲಿಲ್ಲ.

ಮೊದಲನೇ ದರ್ಜೆಯ ಕಿಟಕಿಯಿಂದ ದೊರೆ ತಲೆ ಹೊರಗೆ ಹಾಕಿ, ತನಗೆ ಬರುವ ಅಷ್ಟಿಷ್ಟು ತಮಿಳಿನಲ್ಲಿ, ಏನಿದು, ಆ ಮನುಷ್ಯ ಯಾಕೆ ಅಲ್ಲಿ ನಿಂತಿದ್ದಾನೆ ಎಂದು ಕೂಲಿಯವನನ್ನು ಕೇಳಿದ. ಕೂಲಿಯವನಿಗೆ ಮಾಸ್ತರರ ಮಾನ ಕಾಪಾಡಲೇಬೇಕಿತ್ತು. ಥಟ್ಟನೆ ಸಲಾಮು ಹೊಡೆದು ಹೇಳಿದ: "ದೊರೆಗಳೇ, ಗಾಡಿ ಬರ್ತಾ ಐತಾ ಅಂತ ಎತ್ತರದಿಂದ ನೋಡ್ತಾವ್ನೆ!"

ಬೆನ್ನು ನೋಡುವ ಶಾಸ್ತ್ರ

ದಿಂಡಿಗಲ್ಲಿನಿಂದ ಒಬ್ಬನೇ ವಾಪಸು ಬಂದಾಗ ಅವ್ವ ಬೈಯಲಿಲ್ಲ. ಸುಮ್ಮನೆ ಒಲೆಯ ಮುಂದೆ ಕೂತುಬಿಟ್ಟಳು. ಬೈದಿದ್ದರೆ ಚೆನ್ನಾಗಿತ್ತು. ನನಗೆ ಮದುವೆಯ ಆಸೆ ಬಿಟ್ಟೇಹೋಯಿತು. ಅವ್ವನನ್ನು ನೋಡಿದರೆ ಮಾತ್ರ ಸಂಕಟವಾಗುತ್ತಿತ್ತು.

ಹೀಗಿರುವಾಗ ಒಂದು ದಿನ ನಾನು ಹೊಲದಿಂದ ಬಂದರೆ ಮನೆ ಮುಂದೆ ಎರಡು ಗಾಡಿ ನಿಂತಿವೆ! ಎತ್ತಿನ ಕೊಂಬಿಗೆ ಹೂವು. ಒಳಗೆ ಚಿಕ್ಕಮ್ಮ, ಸೋದರಮಾವ, ಅವರ ಮಕ್ಕಳು. ತಟ್ಟೆ ತುಂಬ ವೀಳ್ಯ, ತೆಂಗಿನಕಾಯಿ, ಮಲ್ಲಿಗೆ. ಅವ್ವ ಹೊಸ ಸೀರೆ ಉಟ್ಟು ನಗುತ್ತಾ ಅಳುತ್ತಿದ್ದಾಳೆ.

"ಏನವ್ವಾ ಇದು?"

"ಮಾರ್ಕಯನ್‌ಕೋಟ್ಟೈಯಿಂದ ಹೇಳಿ ಕಳ್ಸವ್ರೆ ಕಣೋ! ಎಲೆ ತರೋ ಗಾಡಿಯವನು ಬಂದು ಹೇಳಿ ಹೋದ. ಪೆಣ್ಣು ನೋಡೋಕೆ ಬರಬೇಕಂತೆ! ತಡ ಮಾಡಬೇಡಿ ಅಂದವ್ರಂತೆ! ಅವರಾಗೇ ಕರೆದವ್ರೆ ಕಣೋ, ಅವರಾಗೇ!"

ಪೆಣ್ಣು ಎಂದರೆ ತಮಿಳಿನಲ್ಲಿ ಹೆಣ್ಣು. ನಾನು ಅಭ್ಯಾಸಬಲದಿಂದ ಎಣ್ಣೆ ಕುಡಿಕೆ ಕೈಗೆತ್ತಿಕೊಂಡರೆ ಅವ್ವ ಕಿತ್ತು ಮೂಲೆಗಿಟ್ಟಳು. "ಇವತ್ತೊಂದು ದಿನ ಅದನ್ನ ಬಿಟ್ಟು ಬಾರೋ, ನಿನ್ನ ಕಾಲಿಗೆ ಬೀಳ್ತೀನಿ!"

ಮಾರ್ಕಯನ್‌ಕೋಟ್ಟೈಯ ಆ ಮನೆಯವರೂ ನಮ್ಮವರೇ, ಕನ್ನಡದವರು. ಎರಡು ಗಾಡಿ ಜನ ಇಳಿದದ್ದು ನೋಡಿ ಯಜಮಾನರು ಸ್ವಲ್ಪ ತಬ್ಬಿಬ್ಬಾದರು. ಆದರೂ ಚಾಪೆ ಹಾಸಿ, ನೀರು ಮಜ್ಜಿಗೆ ಕೊಟ್ಟು, "ಇಷ್ಟು ಜನ ಬೇಕಾಗುತ್ತೆ ಅಂತ ಗೊತ್ತಿರಲಿಲ್ಲ" ಎಂದರು.

"ಒಬ್ಬರೇ ಬಂದರೆ ಆಗುತ್ತಾ? ನಾಲ್ಕು ಜನ ನೋಡಬೇಕಲ್ಲ" ಎಂದಳು ಚಿಕ್ಕಮ್ಮ. "ಕರೀರಿ, ನೋಡೋಣ."

"ಕರೆದರೆ ಬರೋ ಹಂಗಿಲ್ಲ ತಾಯಿ. ಒಳಗೆ ಮಂಚದ ಮ್ಯಾಲೇ ಐತೆ."

ನಮ್ಮ ಕಡೆ ಹೆಣ್ಣುಮಕ್ಕಳನ್ನು ಅದು ಇದು ಎಂದೇ ಕರೆಯುವುದು ರೂಢಿ, ಹಾಗಾಗಿ ಯಾರಿಗೂ ಅನುಮಾನ ಬರಲಿಲ್ಲ. ನಾಚಿಕೆ ಇರಬೇಕು ಎಂದುಕೊಂಡೆವು. ಚಿಕ್ಕಮ್ಮ ಮುಂದುವರಿಸಿದಳು. "ಕೆಲಸ ಬೊಗಸೆ ಹೆಂಗೆ?"

"ಮುಂಚೆ ಎತ್ತಿನ ಹಂಗೆ ದುಡೀತಿತ್ತು. ಈಗ ಬಗ್ಗೋದೇ ಇಲ್ಲ."

"ಬಗ್ಗಲ್ಲವಂತೆ, ಸೊಕ್ಕು" ಎಂದು ಚಿಕ್ಕಮ್ಮ ಅವ್ವನ ಕಿವಿಯಲ್ಲಿ ಪಿಸುಗುಟ್ಟಿದಳು. ಅವ್ವ ಅವಳನ್ನು ಚಿವುಟಿ ಸುಮ್ಮನಾಗಿಸಿ, ಎಲ್ಲದಕ್ಕೂ ಸಿದ್ಧವಾದವಳಂತೆ ಮೃದುವಾಗಿ ಕೇಳಿದಳು: "ಇರಲಿ ಬಿಡಿ, ನಮ್ಮ ಮನೆಗೆ ಬಂದ್ಮೇಲೆ ಸರಿಹೋಗುತ್ತೆ. ವಯಸ್ಸೆಷ್ಟಾಯ್ತು?"

"ಎಪ್ಪತ್ತು ದಾಟೈತೆ."

ಅವ್ವನ ಕೈಯಿಂದ ಮಜ್ಜಿಗೆ ಲೋಟ ಜಾರಿತು. "ಎಪ್ಪತ್ತಾ! ನಮ್ಮ ಹುಡುಗ ಇನ್ನೂ ಚಿಕ್ಕೋನು ಕಣಪ್ಪಾ!"

"ಚಿಕ್ಕೋನಾದ್ರೆ ಒಳ್ಳೇದೇ ತಾಯಿ, ಮೈಭಾರ ಕಮ್ಮಿ. ತುಳಿಯೋವಾಗ ತಡ್ಕೊಳ್ಳುತ್ತೆ."

"ತುಳಿಯೋದಾ?" ಎಂದು ಸೋದರಮಾವ ಎದ್ದೇ ನಿಂತ.

ಅಷ್ಟರಲ್ಲಿ ಒಳಕೋಣೆಯಿಂದ ಒಂದು ಮುದಿ ದನಿ ಅಬ್ಬರಿಸಿತು: "ಏನ್ರೋ ಅದು, ಹೂವಿನ ವಾಸನೆ ಬತ್ತಾ ಐತೆ! ಬೆನ್ನು ನೋಡೋಕೆ ಬಾ ಅಂತ ಹೇಳಿ ಕಳ್ಸಿದ್ರೆ ಕಾಯಿ ಹೂವ ತಂದವ್ರಲ್ಲೋ, ನಾನೇನು ಸತ್ತೋದೆ ಅಂದ್ಕೊಂಡವ್ರಾ?"

ಬೆನ್ನು! ನಮ್ಮ ಕನ್ನಡದ ಬೆನ್ನು! ಎಲೆ ಗಾಡಿಯ ತಮಿಳಿನವನ ಕಿವಿಯಲ್ಲಿ ಅದು ಪೆಣ್ಣಾಗಿ, ನಮ್ಮ ಮನೆಗೆ ಹೆಣ್ಣಾಗಿ ಬಂದಿತ್ತು. ಅವರು ಕರೆದದ್ದು ಅಳಿಯನನ್ನಲ್ಲ, ಮುದುಕರ ಬೆನ್ನು ತುಳಿಯುವವನನ್ನು.

ಅವ್ವ ತಟ್ಟೆಯ ಮಲ್ಲಿಗೆಯನ್ನೇ ನೋಡುತ್ತಾ, ಅದರ ಮೇಲೆ ಮೆಲ್ಲಗೆ ಸೆರಗು ಮುಚ್ಚಿದಳು. ಅದನ್ನು ನೋಡಲಾರದೆ ನಾನು ಮುಖ ತಿರುಗಿಸಿದೆ. ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

ಭೂಮಿ ಬಾಯಿಬಿಡಲಿಲ್ಲ. ಬಾಯಿಬಿಟ್ಟದ್ದು ಬೇರೆಯವರು. ಅಡುಗೆಮನೆಯ ಬಾಗಿಲ ಹಿಂದೆ ಇಷ್ಟು ಹೊತ್ತೂ ತಡೆದುಕೊಂಡಿದ್ದ ನಗುವೊಂದು ಕಟ್ಟೆಯೊಡೆದು ಹೊರಬಿತ್ತು. ಹೆಣ್ಣು ದನಿ, ಏರುತ್ತಾ ಏರುತ್ತಾ ಹೋಗಿ, ನಡುವೆ ಟಕ್ಕೆಂದು ನಿಂತು, "ಆ... ಆ... ಆ..." ಎಂದಿತು. ಒಳಗಿನ ಹೆಂಗಸರು ಗಾಬರಿಯಿಂದ ಅವಳನ್ನು ಹೊರಗೆ ಕರೆತಂದರು. ಆ ಮನೆಯಲ್ಲಿ ನಿಜವಾಗಿಯೂ ಒಂದು ಹೆಣ್ಣಿತ್ತು! ಮುದುಕರ ಮೊಮ್ಮಗಳು. ಬಾಯಿ ಅಗಲವಾಗಿ ತೆರೆದಿದೆ, ಮುಚ್ಚಲು ಬರುತ್ತಿಲ್ಲ. ನಕ್ಕು ನಕ್ಕು ದವಡೆಯ ಕೀಲು ತಪ್ಪಿಹೋಗಿತ್ತು. ಕಣ್ಣಲ್ಲಿ ನೋವಿನ ನೀರು, ಅದರ ನಡುವೆಯೂ ನನ್ನನ್ನು ಕಂಡು ಇನ್ನೂ ನಗು!

ದವಡೆ ತಪ್ಪಿದಾಗ ತಡ ಮಾಡಬಾರದು. ಎರಡು ಹೆಬ್ಬೆರಳಿಗೂ ದಪ್ಪ ಬಟ್ಟೆ ಸುತ್ತಿಕೊಂಡು, ಹಿಂದಿನ ಹಲ್ಲುಗಳ ಮೇಲಿಟ್ಟು, ಕೆಳಕ್ಕೆ ಅದುಮಿ ಹಿಂದಕ್ಕೆ ತಳ್ಳಬೇಕು. ಅಜ್ಜಿ ಕಲಿಸಿದ್ದು ನನಗೆ ಚೆನ್ನಾಗಿ ಗೊತ್ತಿತ್ತು. ಆದರೆ ಆ ಕಣ್ಣುಗಳನ್ನು ನೋಡಿದ ಗಡಿಬಿಡಿಯಲ್ಲಿ ಬಟ್ಟೆ ಸುತ್ತಿಕೊಳ್ಳುವುದೇ ಮರೆತುಹೋಯಿತು. ಬರೀ ಹೆಬ್ಬೆರಳು ಹಾಕಿ ಅದುಮಿದೆ. ಕೀಲು ಟಕ್ಕೆಂದು ಕೂತಿತು, ಹಲ್ಲುಗಳು ಕಟಕ್ಕೆಂದು ಮುಚ್ಚಿದವು. ಒಳಗೆ ನನ್ನ ಹೆಬ್ಬೆರಳು! ಈ ಸಲ ಕಿರುಚಿದವನು ನಾನು.

ಮತ್ತೆ ಬಾಯಿ ತೆರೆಯದಂತೆ ದವಡೆಗೆ ಕಟ್ಟು ಹಾಕಬೇಕಲ್ಲ. ಹೆಬ್ಬೆರಳಿಂದ ರಕ್ತ ಸೋರುತ್ತಿತ್ತು, ಎದೆ ಕುಣಿಯುತ್ತಿತ್ತು. ಗದ್ದದಿಂದ ನೆತ್ತಿಗೆ, ನೆತ್ತಿಯಿಂದ ಕೊರಳಿಗೆ, ಕೊರಳಿಂದ ಮತ್ತೆ ಗದ್ದಕ್ಕೆ, ನನ್ನ ಹೊಸ ಅಂಗವಸ್ತ್ರ ಮುಗಿಯುವವರೆಗೂ ಸುತ್ತಿದೆ. "ಬಟ್ಟೆ ಬಿಚ್ಚೋಗಂಟ ಒಂದು ಮಾತೂ ಆಡಬಾರದು" ಎಂದೆ.

ಅಷ್ಟು ಹೊತ್ತಿಗೆ ಮುದುಕರು ಒಳಗಿಂದ ಬಂದು ಬಾಗಿಲಲ್ಲಿ ನೆಟ್ಟಗೆ ನಿಂತಿದ್ದರು. ಗಲಾಟೆಗೆ ಮಂಚದಿಂದ ದಡಕ್ಕನೆ ಎದ್ದು ಬಂದಿದ್ದರಂತೆ. ಬೆನ್ನಿನ ಹಿಡಿತ ತಾನಾಗಿ ಬಿಟ್ಟುಹೋಗಿದ್ದು ಅವರಿಗೂ ಗೊತ್ತಿರಲಿಲ್ಲ! ನನ್ನನ್ನೂ ಮೊಮ್ಮಗಳನ್ನೂ ತಟ್ಟೆಯನ್ನೂ ಅವ್ವನನ್ನೂ ನೋಡಿ, ಮೀಸೆಯಲ್ಲೇ ನಕ್ಕು ಮಗನಿಗೆ ಹೇಳಿದರು: "ಕೈ ಹಿಡಿಯೋಕೆ ಮುಂಚೇನೇ ದವಡೆ ಹಿಡಿದುಬಿಟ್ಟನಲ್ಲೋ! ಇನ್ನೇನು ನೋಡೋದು? ಹೂವ ಬಾಡೋಕೆ ಮುಂಚೆ ಅದನ್ನ ಒಂದು ಮಾತು ಕೇಳು."

ಅವಳ ತಂದೆ ಕೇಳಿದರು: "ಏನಮ್ಮಾ, ಒಪ್ಪಿಗೇನಾ?" ಅವ್ವ ತಟ್ಟೆಯನ್ನು ಎದೆಗವಚಿಕೊಂಡಳು. ನಾನಂತೂ ಹೆಬ್ಬೆರಳಿನ ನೋವನ್ನೇ ಮರೆತೆ. ಬಟ್ಟೆಯ ಗಂಟಿನೊಳಗಿಂದ ಆ ತಲೆ ಮೆಲ್ಲಗೆ ಮೇಲೆ ಕೆಳಗೆ ಆಡಿತು. ಅವ್ವ ಎಲ್ಲರೆದುರೂ ಎದ್ದು ಕುಣಿದಳು!

ಮದುವೆಯಾದ ಹೊಸದರಲ್ಲಿ ನನ್ನ ಹೆಮ್ಮೆಗೆ ಮಿತಿಯೇ ಇರಲಿಲ್ಲ. ಒಂದು ದಿನ ಬಂದ ನೆಂಟರ ಮುಂದೆ, ಕಣಿವೆಯಲ್ಲೆಲ್ಲ ಬೇಡವೆಂದ ನನ್ನನ್ನು ಇವಳು ನೋಡಿದ ಕೂಡಲೇ ಒಪ್ಪಿದಳು ಎಂದು ಕೊಚ್ಚಿಕೊಳ್ಳುತ್ತಿದ್ದೆ. ರುಬ್ಬುಗುಂಡಿನ ಮುಂದೆ ಕೂತಿದ್ದವಳು ಕೈ ನಿಲ್ಲಿಸಿದಳು.

"ಒಪ್ಪಿದ್ದಾ? ನಾನು ಒಲ್ಲೆ ಅಂತ ತಲೆ ಆಡಿಸೋಣ ಅಂತಲೇ ಹೊರಟಿದ್ದೆ. ನೀವು ಕಟ್ಟಿದ್ದ ಬಟ್ಟೆ ಎಷ್ಟು ಬಿಗಿ ಇತ್ತು ಅಂದ್ರೆ, ಮ್ಯಾಲೆ ಕೆಳಗೆ ಬಿಟ್ಟು ಅಡ್ಡಡ್ಡ ಆಡಲೇ ಇಲ್ಲ!"

ನೆಂಟರು ಗೊಳ್ಳೆಂದರು. ನಾನು ಬಿಡದೆ ಕೇಳಿದೆ: "ಹಂಗಾದ್ರೆ ಬಟ್ಟೆ ಬಿಚ್ಚಿದ ಮೇಲೆ ಬಾಯಿಬಿಟ್ಟು ಹೇಳಬಹುದಿತ್ತಲ್ಲ, ಮದುವೆ ಬೇಡ ಅಂತ?"

ಅವಳು ನನ್ನ ಹೆಬ್ಬೆರಳಿನ ಮೇಲಿನ ಗಾಯದ ಗುರುತನ್ನು ನೋಡಿ, ಮತ್ತೆ ಗುಂಡು ತಿರುಗಿಸುತ್ತಾ ಹೇಳಿದಳು:

"ಅಷ್ಟರಲ್ಲಿ ಕಚ್ಚಿ ಎಂಜಲು ಮಾಡಿಬಿಟ್ಟಿದ್ದೆನಲ್ಲ. ಎಂಜಲು ಮಾಡಿದ್ದನ್ನ ಇನ್ನೊಬ್ಬರಿಗೆ ಹೆಂಗೆ ಬಿಡೋದು?"